ನಮ್ಮ ಮಾಡು ಸೋರುವಾಗ ನೆರೆಮನೆಗೆ ಹೆಂಚು ಕೊಡಬೇಕೇ?

ಪ್ರಶ್ನೆ: ಭಾರತ ತನಗಿಂತ ಬಡವಾದ ದೇಶಗಳಿಗೆ ನೆರವು ಕೊಡುವುದು ಸರಿಯೇ? ಪರವಾಗಿ ಬರೆದವರು ಕುಮಟಾದಲ್ಲಿ ಬೆಳೆದು ಈಗ ಕಾರವಾರದಲ್ಲಿ ಅರ್ಥಶಾಸ್ತ್ರ ಕಲಿಸುವ ಉಪನ್ಯಾಸಕಿ. ವಿರೋಧವಾಗಿ ಬರೆದವರು ಶಿರಸಿ ಹತ್ತಿರದ ಅಡಿಕೆ ಬೆಳೆಗಾರರು.

ಪರ: ಗೋಣಿ ಚೀಲದ ಬಾಕಿ

ಶಾಲೆಗೆ ಸೇರುವ ಮೊದಲೇ ನನಗೆ ಗೊತ್ತಿದ್ದ ಒಂದೇ ಹೊರದೇಶ ಮೊಜಾಂಬಿಕ್. 90ರ ದಶಕದ ಮಾತು. ಅವ್ವ ಕುಮಟಾದ ಒಂದು ಗೇರು ಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಹರಿದ ಗೋಣಿ ಚೀಲ ಸಿಕ್ಕರೆ ಮನೆಗೆ ತರುತ್ತಿದ್ದಳು. ಮಳೆಗಾಲದಲ್ಲಿ ಸಗಣಿ ಸಾರಿಸಿದ ನೆಲ ಯಾವಾಗಲೂ ಒದ್ದೆ ಅಲ್ವಾ, ಅದರ ಮೇಲೆ ಚೀಲ ಹಾಸಿ ಮಕ್ಕಳೆಲ್ಲ ಕೂರುತ್ತಿದ್ದೆವು. ಚೀಲದ ಮೇಲೆ ಕಪ್ಪು ಮಸಿಯಲ್ಲಿ ದೊಡ್ಡ ದೊಡ್ಡ ಅಕ್ಷರ. ಇದು ಮೊಜಾಂಬಿಕ್, ಇದು ತಾಂಜಾನಿಯಾ, ಎರಡೂ ಆಫ್ರಿಕಾದಲ್ಲಿವೆ ಅಂತ ಅಣ್ಣ ಓದಿ ಹೇಳಿದ್ದ. ಅಷ್ಟು ದೂರದಿಂದ ಬೀಜ ಯಾಕೆ ಬರಬೇಕು, ನಮ್ಮ ಗುಡ್ಡದಲ್ಲೇ ಗೇರು ಮರ ಇದೆಯಲ್ಲ ಅಂತ ನಾನು ಕೇಳಿದ್ದೆ. ಅವ್ವನಿಗೆ ಉತ್ತರ ಗೊತ್ತಿರಲಿಲ್ಲ. ಬೀಜ ಬಂದರೆ ಕೆಲಸ ಉಂಟು, ಬರದಿದ್ದರೆ ಇಲ್ಲ. ಅವಳ ಲೆಕ್ಕ ಅಷ್ಟೇ.

ಗೇರು ಬೀಜ ಒಡೆಯುವುದನ್ನು ಹತ್ತಿರದಿಂದ ನೋಡದವರಿಗೆ ಇದನ್ನು ಹೇಳಲೇಬೇಕು. ಹುರಿದ ಬೀಜವನ್ನು ಎಡಗೈಯಲ್ಲಿ ಹಿಡಿದು ಸಣ್ಣ ಮರದ ಕೊಡತಿಯಿಂದ ಎರಡು ಪೆಟ್ಟು ಹಾಕಬೇಕು. ಓಡು ಬಿಡಬೇಕು, ಒಳಗಿನ ತಿರುಳು ತುಂಡಾಗಬಾರದು. ಓಡಿನಿಂದ ಜಿನುಗುವ ಎಣ್ಣೆ ಚರ್ಮ ಸುಡುತ್ತದೆ. ಅದಕ್ಕೇ ಕೈಗೆ ಬೂದಿ ಬಳಿದುಕೊಳ್ಳುತ್ತಾರೆ. ಎಷ್ಟು ಬೂದಿ ಬಳಿದರೂ ಬೆರಳ ತುದಿ ಕಪ್ಪಾಗಿಯೇ ಆಗುತ್ತದೆ, ಉಗುರಿನ ಸಂದಿಯಲ್ಲಿ ಸಿಪ್ಪೆ ಏಳುತ್ತದೆ. ಮದುವೆ ಮನೆಗೆ ಹೋಗುವ ಮುಂಚಿನ ದಿನ ಅವ್ವ ಲಿಂಬೆಹಣ್ಣಿನ ಹೋಳಿನಿಂದ ಬೆರಳು ತಿಕ್ಕುತ್ತ ಕೂರುತ್ತಿದ್ದಳು. ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಕೈಯನ್ನು ಎಲೆಯ ಅಂಚಿಗೆ ಮರೆ ಮಾಡುತ್ತಿದ್ದಳು. ನನ್ನ ಕಾಲೇಜಿನ ಫೀಸು ಆ ಕೈಯಿಂದ ಬಂತು.

ಚೀಲದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಂ.ಎ. ಓದುವಾಗ. ಮೊಜಾಂಬಿಕ್ 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಆದ ದೇಶ. 70ರ ದಶಕದ ಶುರುವಿನಲ್ಲಿ ಜಗತ್ತಿನಲ್ಲೇ ಅತಿ ಜಾಸ್ತಿ ಗೇರು ಬೆಳೆಯುತ್ತಿದ್ದದ್ದು ಅಲ್ಲಿ. ಬೀಜ ಒಡೆಯುವ ಕಾರ್ಖಾನೆಗಳೂ ಅಲ್ಲೇ ಇದ್ದವು, ಸಾವಿರಾರು ಜನ, ಅದರಲ್ಲಿ ಹೆಂಗಸರೂ ತುಂಬ, ಅವ್ವ ಮಾಡಿದ ಕೆಲಸವನ್ನೇ ಮಾಡುತ್ತಿದ್ದರು. 1992ರವರೆಗೂ ಒಳಯುದ್ಧ ನಡೆಯಿತು. ದೇಶ ನೆಲ ಕಚ್ಚಿತು. ಸಾಲ ಬೇಕಾಯಿತು. 1995ರ ಹೊತ್ತಿಗೆ ವಿಶ್ವ ಬ್ಯಾಂಕ್ ಸಾಲಕ್ಕೆ ಒಂದು ಷರತ್ತು ಹಾಕಿತು: ಒಡೆಯದ ಬೀಜವನ್ನು ಹೊರಗೆ ಕಳಿಸುವವರ ಮೇಲಿನ ತೆರಿಗೆ ಇಳಿಸಿ, ಆಗ ರೈತನಿಗೆ ಒಳ್ಳೆ ಬೆಲೆ ಸಿಗುತ್ತದೆ ಅಂತ. ತೆರಿಗೆ ಇಳಿಯಿತು. ಬೀಜ ಹಡಗು ಹತ್ತಿ ಭಾರತಕ್ಕೆ ಬಂತು. ರೈತನ ಕೈಗೆ ಬಂದದ್ದು ಪುಡಿಗಾಸು. ಮುಂದಿನ ಐದಾರು ವರ್ಷಗಳಲ್ಲಿ ಅಲ್ಲಿನ ದೊಡ್ಡ ಕಾರ್ಖಾನೆಗಳು ಹೆಚ್ಚಿನವು ಬಾಗಿಲು ಹಾಕಿದವು.

ಊರಿಗೆ ಬಂದಾಗ ಇದನ್ನು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ಆ ಹೆಂಗಸರು ಆಮೇಲೆ ಎಂತ ಮಾಡಿದ್ರು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಪುಸ್ತಕವೂ ಅದನ್ನು ಹೇಳಿರಲಿಲ್ಲ.

ನಾನು ನೆರವಿನ ಪರ ಇರುವುದು ಅವತ್ತಿನಿಂದ. ನೆರವು ಅನ್ನುವ ಪದವೇ ನನಗೆ ಸರಿ ಅನ್ನಿಸುವುದಿಲ್ಲ. ಬಾಕಿ ಅನ್ನಬೇಕು. ನಮಗೆ ಕೆಲಸ ಸಿಕ್ಕಿದ್ದು ಅವರ ಕೆಲಸ ಹೋದದ್ದರಿಂದ. ನಾವು ಕಿತ್ತುಕೊಳ್ಳಲಿಲ್ಲ ನಿಜ. ಅವ್ವ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಆದರೆ ನನ್ನ ಫೀಸಿನಲ್ಲಿ ಅಲ್ಲಿನ ಒಬ್ಬಳ ಕೂಲಿಯೂ ಸೇರಿತ್ತು. ಇದು ತಿಳಿದ ಮೇಲೆ ಸುಮ್ನೆ ಕೂರಲು ನನಗೆ ಆಗುವುದಿಲ್ಲ.

"ಮೊದಲು ನಮ್ಮ ಮನೆ ನೋಡಿಕೊಳ್ಳೋಣ" ಅನ್ನುವವರು ಎಲ್ಲ ಕಡೆ ಇದ್ದಾರೆ. ಅವರ ಮಾತು ಕೇಳಿದರೆ ಗಡಿಯ ಆಚೆ ಇರುವವರಿಗೆ ಹೊಟ್ಟೆಯೇ ಇಲ್ಲ ಅನ್ನಿಸುತ್ತದೆ. ಅವರಿಗೆ ನಾನು ಕಾರವಾರದ ಬಂದರು ತೋರಿಸುತ್ತೇನೆ. 1952ರಲ್ಲಿ ನಾರ್ವೆ ದೇಶ ಭಾರತದ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಮೀನುಗಾರಿಕೆಗೆ ಸಹಾಯ ಮಾಡುವ ಯೋಜನೆ. ಕೇರಳದ ಕೊಲ್ಲಂ ಹತ್ತಿರ ಶುರುವಾಗಿ 60ರ ದಶಕದಲ್ಲಿ ಕಾರವಾರಕ್ಕೂ ಬಂತು. ನಾರ್ವೆ ಹೊರದೇಶಕ್ಕೆ ಕೊಟ್ಟ ಮೊದಲ ಅಭಿವೃದ್ಧಿ ನೆರವು ಅದು. ಆಗ ನಾರ್ವೆ ಈಗಿನ ಹಾಗೆ ಶ್ರೀಮಂತ ದೇಶ ಆಗಿರಲಿಲ್ಲ. ಯುದ್ಧದ ಕೊನೆಗೆ ಜರ್ಮನ್ ಸೈನ್ಯ ವಾಪಸ್ ಹೋಗುವಾಗ ಅವರ ಉತ್ತರದ ಊರುಗಳನ್ನು ಸುಟ್ಟು ಹಾಕಿತ್ತು, ಆ ಮನೆಗಳನ್ನು ಅವರು ಇನ್ನೂ ಕಟ್ಟಿಕೊಳ್ಳುತ್ತಿದ್ದರು. ಅವರ ಸಮುದ್ರದಲ್ಲಿ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಅಂದರೆ ತಮ್ಮ ಮಾಡು ಸೋರುವಾಗಲೇ ಅವರು ನಮಗೆ ಹೆಂಚು ಕೊಟ್ಟರು.

ಆ ಯೋಜನೆ ಎಲ್ಲರಿಗೂ ಒಳ್ಳೆಯದು ಮಾಡಿತು ಅಂತ ಹೇಳಿದರೆ ಮೀನುಗಾರರ ಕೇರಿಯಲ್ಲಿ ನನ್ನನ್ನು ಯಾರೂ ಒಳಗೆ ಸೇರಿಸುವುದಿಲ್ಲ. ಯಂತ್ರದ ಬೋಟು ಬಂತು. ಆಮೇಲೆ 70ರ ದಶಕದಲ್ಲಿ ಪರ್ಸೀನ್ ಬಂತು, ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ. ಅದುವರೆಗೆ ನಮ್ಮ ಕಡಲತೀರದಲ್ಲಿ ರಂಪಣಿ ಇತ್ತು. ಇಡೀ ಕೇರಿ ಸೇರಿ ದಂಡೆಯಿಂದ ಎಳೆಯುವ ಬಲೆ, ಎಳೆದವರಿಗೆಲ್ಲ ಪಾಲು. ಬಾಂಗಡೆ, ತಾರ್ಲೆ ದಂಡೆಗೆ ಬರುವ ಮೊದಲೇ ಬೋಟಿನವರು ಹಿಡಿದುಬಿಟ್ಟರೆ ರಂಪಣಿಗೆ ಏನು ಉಳಿಯುತ್ತದೆ? ದೊಡ್ಡ ಜಗಳಗಳಾದವು. ಹಾಗಾಗಿ ಕೊಡುವ ರೀತಿ ಮುಖ್ಯ. ಯಾರ ಕೈಗೆ ಹೋಗುತ್ತದೆ, ಯಾರನ್ನು ಕೇಳಿ ಕೊಡುತ್ತೇವೆ ಅನ್ನುವುದು ಮುಖ್ಯ. ಇದು ನೆರವನ್ನು ಸರಿಯಾಗಿ ಕೊಡಲು ಪಾಠ. ನೆರವನ್ನೇ ನಿಲ್ಲಿಸಲು ನೆಪ ಆಗಬಾರದು.

ನಾವು ಪಡೆದದ್ದು ಅದೊಂದೇ ಅಲ್ಲ. 60ರ ದಶಕದಲ್ಲಿ ಅಮೆರಿಕದ ಗೋಧಿ ಹಡಗಿಗೆ ಕಾದು ಕೂತ ದೇಶ ನಮ್ಮದು. ಹಸಿರು ಕ್ರಾಂತಿಯ ಗಿಡ್ಡ ಗೋಧಿ ಬೀಜ ಮೆಕ್ಸಿಕೊದಿಂದ ಬಂತು, 1966ರಲ್ಲಿ 18,000 ಟನ್. ಮೆಕ್ಸಿಕೊ ಏನು ಶ್ರೀಮಂತ ದೇಶವೇ? 1991ರಲ್ಲಿ ನಮ್ಮ ಚಿನ್ನವನ್ನೇ ಹೊರಗೆ ಕಳಿಸಿ ಅಡವಿಟ್ಟು ಸಾಲ ತಂದೆವು. ಕೈ ಚಾಚಿ ನಿಲ್ಲುವುದು ಹೇಗಿರುತ್ತದೆ ಅಂತ ನಮಗೆ ಗೊತ್ತು.

ಕೊಟ್ಟದ್ದರಲ್ಲಿ ನನಗೆ ತುಂಬ ಹೆಮ್ಮೆ ಇರುವುದು ಔಷಧದ ವಿಷಯದಲ್ಲಿ. 2000ದ ಹೊತ್ತಿಗೆ ಆಫ್ರಿಕಾದಲ್ಲಿ ಎಚ್‌ಐವಿಯಿಂದ ಜನ ಸಾಯುತ್ತಿದ್ದರು. ಔಷಧ ಇತ್ತು, ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗಿಂತ ಜಾಸ್ತಿ. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಅದೇ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದಿತು. ದಿನಕ್ಕೆ ಒಂದು ಡಾಲರಿಗೂ ಕಡಿಮೆ. ಇದು ಆಗಿದ್ದು ನಮ್ಮ 1970ರ ಪೇಟೆಂಟ್ ಕಾನೂನಿನಿಂದ. ಔಷಧದ ಮೇಲೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರ ಅಂತ ಆ ಕಾನೂನು ಹೇಳಿತ್ತು, ಹಾಗಾಗಿ ಬೇರೆ ವಿಧಾನದಲ್ಲಿ ಅದೇ ಔಷಧ ಮಾಡಲು ನಮ್ಮವರಿಗೆ ದಾರಿ ಇತ್ತು. 2020ರ ಅಕ್ಟೋಬರ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಸೇರಿ, ಕೋವಿಡ್ ಮುಗಿಯುವವರೆಗೆ ಲಸಿಕೆ, ಔಷಧಗಳ ಪೇಟೆಂಟ್ ನಿಯಮ ತಡೆಹಿಡಿಯಿರಿ ಅಂತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಳಿದವು. ಶ್ರೀಮಂತ ದೇಶಗಳು ಎಳೆದಾಡಿ 2022ರ ಜೂನ್‌ನಲ್ಲಿ ಲಸಿಕೆಗೆ ಮಾತ್ರ ಒಂದಿಷ್ಟು ಸಡಿಲ ಮಾಡಿದವು. ಅಷ್ಟಾದರೂ ಆಗಿದ್ದು ಬಡ ದೇಶಗಳು ಒಟ್ಟಿಗೆ ನಿಂತಿದ್ದರಿಂದ. ಇವತ್ತು ನಾವು ಅವರ ಕೈ ಬಿಟ್ಟರೆ ನಾಳೆ ಅವರು ನಮ್ಮ ಜೊತೆ ಯಾಕೆ ನಿಲ್ಲಬೇಕು? ದೇಶಗಳಿಗೆ ಸಾಲ ಕೊಡುವ ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ದೊಡ್ಡ ತೀರ್ಮಾನಕ್ಕೆ 85 ಪರ್ಸೆಂಟ್ ಮತ ಬೇಕು. ಅಮೆರಿಕ ಒಂದರ ಹತ್ತಿರವೇ 16 ಪರ್ಸೆಂಟಿಗಿಂತ ಜಾಸ್ತಿ ಇದೆ. ಅದು ಬೇಡ ಅಂದರೆ ಆಗುವುದಿಲ್ಲ, ಅಷ್ಟೇ. ಇಂಥ ಜಗತ್ತಿನಲ್ಲಿ ಒಬ್ಬರೇ ಬದುಕುತ್ತೇವೆ ಅನ್ನುವುದು ಮಳೆಗಾಲದಲ್ಲಿ ಒಂಟಿ ದೋಣಿ ತೆಗೆದುಕೊಂಡು ಹೋದ ಹಾಗೆ.

ಇನ್ನು ಹಣದ ಲೆಕ್ಕ. ಎಷ್ಟೋ ಜನ ನಾವು ಬೊಕ್ಕಸ ಖಾಲಿ ಮಾಡಿ ಹಂಚುತ್ತಿದ್ದೇವೆ ಅಂದುಕೊಂಡಿದ್ದಾರೆ. 2024-25ರ ಕೇಂದ್ರ ಬಜೆಟ್ 48 ಲಕ್ಷ ಕೋಟಿಗಿಂತ ಜಾಸ್ತಿ. ಅದರಲ್ಲಿ ವಿದೇಶಾಂಗ ಸಚಿವಾಲಯ ಬೇರೆ ದೇಶಗಳ ನೆರವಿಗೆ ಇಟ್ಟದ್ದು 5,600 ಕೋಟಿ ಚಿಲ್ಲರೆ. ನೂರು ರೂಪಾಯಿಯಲ್ಲಿ 12 ಪೈಸೆ. ಮಕ್ಕಳಿಗೆ ಕ್ಲಾಸಿನಲ್ಲಿ ಇದನ್ನು ಬೋರ್ಡಿನ ಮೇಲೆ ಭಾಗಾಕಾರ ಮಾಡಿಸಿದರೆ ಅವರು ಎರಡು ಸಲ ಲೆಕ್ಕ ಮಾಡುತ್ತಾರೆ, ನಂಬುವುದಿಲ್ಲ. ಅದರಲ್ಲೂ ದೊಡ್ಡ ಪಾಲು, 2,000 ಕೋಟಿಗೂ ಜಾಸ್ತಿ, ಭೂತಾನಕ್ಕೆ. ಅಲ್ಲಿ ನಾವು 80ರ ದಶಕದಲ್ಲೇ ಚುಖಾ ಎಂಬಲ್ಲಿ 336 ಮೆಗಾವಾಟ್‌ನ ವಿದ್ಯುತ್ ಯೋಜನೆ ಕಟ್ಟಿಕೊಟ್ಟೆವು, 60 ಪರ್ಸೆಂಟ್ ಅನುದಾನ, 40 ಪರ್ಸೆಂಟ್ ಸಾಲ. ಭೂತಾನಕ್ಕೆ ಆದಾಯ ಬಂತು, ನಮಗೆ ಕರೆಂಟು ಬಂತು. ಇದರಲ್ಲಿ ಯಾರಿಗೆ ನಷ್ಟ?

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ, ಅದಕ್ಕೆ ಏನು ಹೇಳುತ್ತೀರಿ ಅಂತ ಕೇಳುತ್ತಾರೆ. ಬೇಡ ಅಂತ ಯಾರು ಹೇಳಿದರು? ಆ 12 ಪೈಸೆ ನಿಲ್ಲಿಸಿದರೆ ಆ ಹಣ ನೆಟ್ಟಗೆ ಉತ್ತರ ಕನ್ನಡಕ್ಕೆ ಬರುತ್ತದೆ ಅಂತ ಯಾರಾದರೂ ಬರೆದುಕೊಡುತ್ತಾರಾ? ಆಸ್ಪತ್ರೆ ಆಗದಿರುವುದಕ್ಕೆ ಕಾರಣ ಭೂತಾನವಲ್ಲ, ಮೊಜಾಂಬಿಕ್ ಅಲ್ಲ.

ಶ್ರೀಮಂತ ದೇಶಗಳು ತಮ್ಮ ಆದಾಯದಲ್ಲಿ 0.7 ಪರ್ಸೆಂಟ್ ಕೊಡುತ್ತೇವೆ ಅಂತ 1970ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿಕೊಂಡವು. ಹೆಚ್ಚಿನವು ಆ ಮಾತು ಉಳಿಸಿಕೊಳ್ಳಲಿಲ್ಲ. ನಾವು ಅವರ ಹಾಗೆ ಆಗಬಾರದು. 12 ಪೈಸೆಯನ್ನು 25 ಪೈಸೆ ಮಾಡಲಿ. ಸಾಲದ ಬದಲು ಅನುದಾನ ಜಾಸ್ತಿ ಇರಲಿ. ಬೇರೆ ದೇಶದವರನ್ನು ಕರೆಸಿ ಭಾರತ 1964ರಿಂದ ಕೊಡುತ್ತಿರುವ ಐಟೆಕ್ ತರಬೇತಿಗೆ ಅಧಿಕಾರಿಗಳು ಮಾತ್ರ ಬಂದು ಹೋದರೆ ಸಾಲದು, ಅಲ್ಲಿನ ಕೆಲಸಗಾರರು, ನರ್ಸುಗಳು, ಮೀನುಗಾರರು ಬರಲಿ. ಮೊಜಾಂಬಿಕ್‌ನಲ್ಲಿ ಮತ್ತೆ ಬೀಜ ಒಡೆಯುವ ಕಾರ್ಖಾನೆ ಕಟ್ಟಲು ಭಾರತ ಹಣ ಕೊಡಲಿ, ಅಲ್ಲಿನ ಹೆಂಗಸರು ಕೈಗೆ ಬೂದಿ ಬಳಿದುಕೊಳ್ಳದೆ ಮಾಡುವಂಥ ಯಂತ್ರ ಕೊಡಲಿ. ಆಗ ಕುಮಟಾದಲ್ಲಿ ಕೆಲಸ ಕಡಿಮೆಯಾದರೆ? ಅವ್ವನನ್ನೇ ಕೇಳಿದೆ. "ಅವ್ರ ಬೀಜ ಅವ್ರು ಒಡೀಲಿ ಮಗಾ. ನಮ್ಮ ಗುಡ್ಡದ್ದು ನಮಗುಂಟಲ್ಲ" ಅಂದಳು.

ವಿರೋಧ: ಮೊದಲು ಆಸ್ಪತ್ರೆ

ನನಗೆ ಈ ಬದಿ ಬರೆಯಿರಿ ಅಂದರು. ಪೂರ್ತಿ ಮನಸ್ಸು ಈ ಬದಿಗೆ ಇದೆ ಅಂತ ಹೇಳಲಾರೆ. 2022ರಲ್ಲಿ ಶ್ರೀಲಂಕಾದಲ್ಲಿ ಜನ ಪೆಟ್ರೋಲಿಗೆ ದಿನಗಟ್ಟಲೆ ಸಾಲಿನಲ್ಲಿ ನಿಂತರು, ಮುದ್ರಿಸಲು ಕಾಗದ ಇಲ್ಲದೆ ಶಾಲೆಯ ಪರೀಕ್ಷೆ ಮುಂದೆ ಹಾಕಿದರು. ಆಗ ಭಾರತ ಸುಮಾರು 400 ಕೋಟಿ ಡಾಲರ್‌ನಷ್ಟು ನೆರವು ಕೊಟ್ಟಿತು. ಅದು ತಪ್ಪು ಅಂತ ನನಗೂ ಅನ್ನಿಸಿಲ್ಲ. ಆದರೆ ಬರೆಯಲು ಕೂತಾಗ ಈ ಬದಿಯಲ್ಲೂ ಹೇಳುವುದು ಇದೆ, ಅದನ್ನು ಯಾರಾದರೂ ಹೇಳಬೇಕು ಅನ್ನಿಸಿತು.

ಒಂದೇ ಉದಾಹರಣೆ ಸಾಕು. 2016ರಲ್ಲಿ ಭಾರತ ಶ್ರೀಲಂಕಾಕ್ಕೆ 88 ಆಂಬುಲೆನ್ಸ್ ಕೊಟ್ಟು ತುರ್ತು ಸೇವೆ ಶುರು ಮಾಡಿಸಿತು. 1990ಕ್ಕೆ ಫೋನ್ ಮಾಡಿದರೆ ಬರುತ್ತದೆ. ಅನುದಾನ, ವಾಪಸ್ ಕೊಡಬೇಕಾಗಿಲ್ಲ. ಆಮೇಲೆ ಇನ್ನೂ ಹಣ ಕೊಟ್ಟು ಇಡೀ ದ್ವೀಪಕ್ಕೆ ಹರಡಿಸಿತು, ಒಟ್ಟು 297 ವಾಹನ. ಒಳ್ಳೆ ಕೆಲಸ. ಈಗ ನಮ್ಮ ಜಿಲ್ಲೆ ನೋಡಿ. 12 ತಾಲ್ಲೂಕು, 10,000 ಚದರ ಕಿ.ಮೀ.ಗಿಂತ ಜಾಸ್ತಿ ಜಾಗ, ಹೆಚ್ಚಿನದು ಕಾಡು ಮತ್ತು ಘಟ್ಟ. ಹೃದಯಕ್ಕೋ ಮೆದುಳಿಗೋ ಏನಾದರೂ ಆದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿತು, ರೋಗಿಯ ಜೊತೆ ಜೊತೆಗಿದ್ದವರೂ ಸತ್ತರು. ಜಿಲ್ಲೆಯ ಜನ ಎಲ್ಲ ಸೇರಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜೋರಾಗಿ ಕೂಗಿದ್ದು ಆಗ. ನಮಗೇ ಅಂಥ ಆಸ್ಪತ್ರೆ ಇಲ್ಲ. ಇದೊಂದೇ ಮಾತನ್ನು ನಾನು ಹತ್ತು ಸಲ ಬೇಕಾದರೂ ಹೇಳುತ್ತೇನೆ.

ಈ ಜಿಲ್ಲೆ ದೇಶಕ್ಕೆ ಕೊಡದೆ ಉಳಿಸಿಕೊಂಡಿದ್ದು ಏನು? ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಕರೆಂಟು ಕೊಟ್ಟೆವು, ಸೂಪಾ ಎಂಬ ಊರು ನೀರಿನಡಿ ಹೋಯಿತು. ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ. ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಸಾವಿರಾರು ಕುಟುಂಬ ಊರು ಬಿಟ್ಟವು, ಸರಿಯಾದ ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದವು. ದೇಶದ ನೌಕಾಪಡೆ ಬಲವಾದರೆ ಹೊರಗಿನ ದೇಶಗಳ ಎದುರು ನಮ್ಮ ಮಾತಿಗೆ ತೂಕ ಬರುತ್ತದೆ ಅನ್ನುತ್ತಾರೆ. ಬರಲಿ. ಆ ತೂಕ ಹೊತ್ತದ್ದು ಮಾತ್ರ ಇಲ್ಲಿಯ ಮೀನುಗಾರರು, ಗೇಣಿ ರೈತರು.

ನೆರವು ಅಂದರೆ ಬರೀ ಬಜೆಟ್ಟಿನ ಹಣ ಅಂತ ಎದುರು ಬದಿಯವರು ಪೈಸೆ ಲೆಕ್ಕ ಕೊಟ್ಟಿದ್ದಾರೆ. ನಮ್ಮ ಕಡೆ ಕೇಳಿ. ಹೊರಗಿನ ಅಡಿಕೆ ಅಗ್ಗಕ್ಕೆ ಬರಬಾರದು ಅಂತ ಸರ್ಕಾರ ಕನಿಷ್ಠ ಆಮದು ಬೆಲೆ ಇಟ್ಟಿತ್ತು, ಕೆ.ಜಿ.ಗೆ 251 ರೂಪಾಯಿ. 2022ರ ಸೆಪ್ಟೆಂಬರ್ ಕೊನೆಗೆ ಭೂತಾನಕ್ಕೆ ಮಾತ್ರ ಬಾಗಿಲು ತೆಗೆದರು. ವರ್ಷಕ್ಕೆ 17,000 ಟನ್ ಹಸಿ ಅಡಿಕೆ, ಆ ಕನಿಷ್ಠ ಬೆಲೆಯ ನಿಯಮ ಇಲ್ಲದೆ. ಶಿರಸಿ ಸೊಸೈಟಿಯ ವಕಾರಿಯಲ್ಲಿ, ಅಂದರೆ ನಾವು ಅಡಿಕೆ ಮಾರುವ ಜಾಗದಲ್ಲಿ, ಅವತ್ತು ಬೇರೆ ಮಾತೇ ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಕನಿಷ್ಠ ಬೆಲೆಯನ್ನು 351ಕ್ಕೆ ಏರಿಸಿದರು, ಅದು ಒಳ್ಳೆಯದೇ ಆಯ್ತು, ಆದರೆ ಭೂತಾನದ ಬಾಗಿಲು ಬಾಗಿಲೇ. ಸ್ನೇಹ ದೆಹಲಿ ಮಾಡುತ್ತದೆ, ರೇಟು ಇಲ್ಲಿ ಅಲ್ಲಾಡುತ್ತದೆ. ಕೊಳೆ ರೋಗ, ಎಲೆಚುಕ್ಕಿ ರೋಗದಿಂದ ತೋಟವೇ ಹೋಗುತ್ತಿರುವಾಗ ಇದನ್ನೂ ಹೊರಬೇಕಾ?

ಇನ್ನೊಂದು. ಭಾರತ ಆಫ್ರಿಕಾದ ದೇಶಗಳಿಗೆ ಕೊಡುವುದರಲ್ಲಿ ದೊಡ್ಡ ಭಾಗ ಸಾಲ. ಆ ಸಾಲದ ಹಣದಲ್ಲಿ ಸಾಮಾನ್ಯವಾಗಿ 75 ಪರ್ಸೆಂಟ್ ಮಾಲು, ಕೆಲಸ ಭಾರತದಿಂದಲೇ ತೆಗೆದುಕೊಳ್ಳಬೇಕು ಅಂತ ನಿಯಮ. ಇದು ನಮ್ಮ ದೊಡ್ಡ ಕಂಪನಿಗಳಿಗೆ ಗಿರಾಕಿ ಹುಡುಕಿ ಕೊಡುವುದು. ಮಾಡಲಿ, ಆದರೆ ಅದಕ್ಕೆ ನೆರವು ಅಂತ ಹೆಸರಿಡಬೇಡಿ. ಗೇರು ಬೀಜದ ಕಥೆ ಓದಿದೆ. ಓದಿ ಬೇಜಾರಾಯಿತು. ಆದರೆ ವಿಶ್ವ ಬ್ಯಾಂಕ್ ಮಾಡಿದ ತಪ್ಪಿಗೆ ಶಿರಸಿಯ ರೈತ ದಂಡ ಕಟ್ಟಬೇಕು ಅಂದರೆ ನಾನು ಒಪ್ಪುವುದಿಲ್ಲ. ಹಾಗೆ ಲೆಕ್ಕ ಹಾಕುತ್ತ ಹೋದರೆ ಪೋರ್ಚುಗೀಸರು ನಮ್ಮ ಕಾಳುಮೆಣಸಿಗೆ ಕೊಡಬೇಕಾದ ಬಾಕಿಯನ್ನೂ ಕೇಳಬೇಕಾಗುತ್ತದೆ.

ನನ್ನ ಮನೆಯಲ್ಲಿ ಆದದ್ದನ್ನು ಹೇಳದೆ ಈ ಆಸ್ಪತ್ರೆಯ ಮಾತು ಪೂರ್ತಿ ಆಗುವುದಿಲ್ಲ. ಮೂರು ವರ್ಷದ ಹಿಂದೆ, ಅಡಿಕೆ ಗೊನೆ ಕೊಯ್ಲಿನ ಸಮಯ. ರಾತ್ರಿ ಜಗಲಿಯಲ್ಲಿ ಎಂಟು ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದೆವು. ಅಂಗಳದ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು, ಚೊಗರಿನ ವಾಸನೆ. ಅಪ್ಪಯ್ಯ ನನ್ನ ಪಕ್ಕ ಕೂತಿದ್ದರು. ಎಪ್ಪತ್ತೆರಡು ವರ್ಷ, ಆದರೂ ಸುಲಿಯುವುದರಲ್ಲಿ ಅವರ ಕೈಯನ್ನು ಯಾರೂ ಮೀರಿಸುತ್ತಿರಲಿಲ್ಲ. ಒಂಬತ್ತೂವರೆ ಸುಮಾರಿಗೆ ಅವರ ಎಡಗೈಯಿಂದ ಒಂದು ಅಡಿಕೆ ಜಾರಿ ನನ್ನ ಕಾಲ ಹತ್ತಿರ ಉರುಳಿತು. ಎತ್ತಿ ಕೊಟ್ಟೆ. ಮತ್ತೆ ಜಾರಿತು. "ಕೈ ಎತ್ತಲೇ ಆಗ್ತಿಲ್ಲೆ ಮಾರಾಯಾ" ಅಂದರು. ಮಾತು ತೊದಲಿತು. ಬಾಯಿ ಒಂದು ಬದಿಗೆ ಎಳೆದಿತ್ತು.

ಶಿರಸಿಗೆ ಬರುವಾಗ ಹತ್ತೂವರೆ. ನೋಡಿದ ಡಾಕ್ಟರು ಒಳ್ಳೆಯವರು. ಇದು ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ್ದರೆ ಕರಗಿಸುವ ಇಂಜೆಕ್ಷನ್ ಇದೆ, ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಸ್ಕ್ಯಾನ್ ನೋಡಿ ಕೊಡುವ ತಜ್ಞರು ಇಲ್ಲಿಲ್ಲ, ಹುಬ್ಬಳ್ಳಿಗೆ ಹೋಗಿ ಅಂದರು. ಆಂಬುಲೆನ್ಸ್ ಹೊಂದಿಸಿ ಹೊರಡುವಾಗ ಹನ್ನೊಂದೂಮುಕ್ಕಾಲು. ಆಯಿ ಮನೆಯಲ್ಲೇ ಉಳಿದಳು, ನಾನು ಮತ್ತು ಭಾವ ಹೊರಟೆವು. ನಾನು ಗಡಿಯಾರ ನೋಡುತ್ತ ಕೂತೆ. ರಾತ್ರಿ ಎರಡು ಹೊಡೆಯುವ ಒಳಗೆ ತಲುಪಬೇಕು. ಮುಂಡಗೋಡ ದಾಟಿ, ಟಿಬೆಟಿಯನ್ ಕ್ಯಾಂಪಿಗೆ ಹೋಗುವ ಕ್ರಾಸ್ ಹತ್ತಿರ ಟೈರು ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಡ್ರೈವರ್ ಫೋನ್ ಮೇಲೆ ಫೋನ್ ಮಾಡಿದ. ಕತ್ತಲು, ಚಳಿ, ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಅಪ್ಪಯ್ಯ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು, ಎಲ್ಲಿ ನಿಂತಿದ್ದೇವೆ ಅಂತ ಕೇಳಲೂ ಅವರಿಗೆ ಆಗುತ್ತಿರಲಿಲ್ಲ.

ಅರ್ಧ ಗಂಟೆಯ ಮೇಲೆ ಒಂದು ವ್ಯಾನು ಬಂತು. ಕ್ಯಾಂಪಿನವನು, ಬಾಡಿಗೆ ಗಾಡಿ ಓಡಿಸುತ್ತಾನಂತೆ, ಹುಬ್ಬಳ್ಳಿಯಿಂದ ಯಾರನ್ನೋ ಬಿಟ್ಟು ಮನೆಗೆ ಹೊರಟಿದ್ದ. ನಿಲ್ಲಿಸಿ ಇಣುಕಿ ನೋಡಿದ. ನಮ್ಮ ಹಾಗೆಯೇ ಕನ್ನಡ ಮಾತಾಡಿದ. ಸೀಟು ಮಡಚಿ, ತನ್ನ ಕಂಬಳಿ ಹಾಸಿ, ಅಪ್ಪಯ್ಯನನ್ನು ಎತ್ತಿ ಮಲಗಿಸಲು ಅವನೇ ಕೈ ಕೊಟ್ಟ. ಬಂದ ದಾರಿಯಲ್ಲೇ ಮತ್ತೆ ಹುಬ್ಬಳ್ಳಿಗೆ ತಿರುಗಿಸಿದ. ಡೀಸೆಲ್ಲಿನ ಹಣ ಮಾತ್ರ ತೆಗೆದುಕೊಂಡ. ಟಿಬೆಟಿನ ನಿರಾಶ್ರಿತರ ಆ ಕ್ಯಾಂಪಿಗೆ ನಮ್ಮ ಸರ್ಕಾರ ಜಾಗ ಕೊಟ್ಟದ್ದು 1966ರಲ್ಲಿ, ದೇಶಕ್ಕೇ ಊಟಕ್ಕಿಲ್ಲದ ಕಾಲದಲ್ಲಿ. ಇದು ನನ್ನ ಬದಿಗೆ ಸಹಾಯ ಮಾಡುವ ಮಾತಲ್ಲ ಅಂತ ಗೊತ್ತಿದೆ. ಆದರೆ ಅವನನ್ನು ಬಿಟ್ಟು ಆ ರಾತ್ರಿಯ ಕಥೆ ಹೇಳಿದರೆ ಸುಳ್ಳಾಗುತ್ತದೆ.

ಆಸ್ಪತ್ರೆ ಮುಟ್ಟುವಾಗ ಎರಡೂವರೆ. ಐದು ಗಂಟೆ ಆಗಿತ್ತು. ಇಂಜೆಕ್ಷನ್ ಕೊಡುವ ಸಮಯ ದಾಟಿದೆ ಅಂದರು. ಶಿರಸಿಯಲ್ಲೇ ತಜ್ಞರು ಇದ್ದಿದ್ದರೆ ಹನ್ನೊಂದು ಗಂಟೆಗೆ ಆ ಇಂಜೆಕ್ಷನ್ ಸಿಗುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಹಾಗಾಗಿ ನಾನು ಕೇಳುವುದು ಕೊಡಬೇಡಿ ಅಂತಲ್ಲ, ಮೊದಲು ಇಲ್ಲಿ ಕೊಡಿ ಅಂತ. ಒಂದು ಆಸ್ಪತ್ರೆ, ತಜ್ಞರು, ಘಟ್ಟದ ಮೇಲೆ ಕೆಳಗೆ ಓಡಾಡಲು ಸರಿಯಾದ ಆಂಬುಲೆನ್ಸ್. ಅದಾದ ಮೇಲೆ ಎಷ್ಟು ದೇಶಕ್ಕೆ ಬೇಕಾದರೂ ಕೊಡಿ, ನಾನೂ ಪರ ಬರೆಯುತ್ತೇನೆ.

ಅಪ್ಪಯ್ಯ ಈಗ ಕೋಲು ಹಿಡಿದು ನಡೆಯುತ್ತಾರೆ. ಎಡಗೈ ಬರುವುದಿಲ್ಲ, ಮೆಟ್ಟುಗತ್ತಿ ಮುಂದೆ ಕೂರಲು ಆಗುವುದಿಲ್ಲ. ಸುಲಿದ ಅಡಿಕೆಯಲ್ಲಿ ಒಡಕು ಬೇರೆ, ಗಟ್ಟಿ ಬೇರೆ ಅಂತ ಬಲಗೈಯಲ್ಲೇ ಆರಿಸಿ ಕೊಡುತ್ತಾರೆ. ನಾನು ಪೇಟೆಯಿಂದ ಬಂದ ತಕ್ಷಣ ಚಾಲಿ ಅಡಿಕೆಯ ರೇಟು ಎಷ್ಟಾಯಿತು ಅಂತ ಕೇಳುತ್ತಾರೆ. ಹೋದ ವಾರ, ಆ ವ್ಯಾನಿನ ಹುಡುಗ ಮತ್ತೆ ಸಿಕ್ಕಿದ್ದನಾ ಅಂತಲೂ ಕೇಳಿದರು.